ಪೋರ ಕಂಪನಿ ಉಳಿಯುತ್ತದೆಯೇ?

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹಾಸನದಿಂದ ತಂಗಿ ಫೋನ್ ಮಾಡಿದಳು. ಅವಳ ಮಗ ವಿಮಾನ ರಿಪೇರಿಯ ಕೋರ್ಸ್ ಮುಗಿಸಿ ಎರಡು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದ. ಸಂಬಳ ದೊಡ್ಡದಲ್ಲ, ಆದರೆ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು. ಈಗ ಹೊಸದೊಂದು ವಿಮಾನ ಕಂಪನಿಯಿಂದ ಪತ್ರ ಬಂದಿದೆ, ಕೆಲಸ ಚೆನ್ನೈಯಲ್ಲಿ, ಸಂಬಳ ಹೆಚ್ಚುಕಮ್ಮಿ ಎರಡರಷ್ಟು. "ಅಣ್ಣಾ, ನೀನು ಲೆಕ್ಕಪತ್ರ ನೋಡೋನು. ಆ ಕಂಪ್ನಿ ಉಳಿಯುತ್ತಾ, ಇಲ್ವಾ? ಅಷ್ಟು ಹೇಳು ಸಾಕು" ಅಂದಳು.

ಅಷ್ಟು ಹೇಳುವುದೇ ಕಷ್ಟ. ನಾನು ಇಪ್ಪತ್ತು ವರ್ಷದಿಂದ ಚೆನ್ನೈಯಲ್ಲಿದ್ದೇನೆ, ಅದರಲ್ಲಿ ಹದಿನಾಲ್ಕು ವರ್ಷ ಈ ಪೋರೂರಿನಲ್ಲಿ. ನಮ್ಮ ಮಾಳಿಗೆಯ ಮೇಲೆ ನಿಂತರೆ ಮೀನಂಬಾಕ್ಕಂ ಕಡೆ ಇಳಿಯುವ, ಏರುವ ವಿಮಾನಗಳು ಕಾಣುತ್ತವೆ. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಬಾಲದ ಬಣ್ಣ ನೋಡಿ ಯಾವ ಕಂಪನಿಯದು ಎಂದು ಗುರುತಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಹದಿನಾಲ್ಕು ವರ್ಷಗಳಲ್ಲಿ ಎಷ್ಟೋ ಬಣ್ಣಗಳು ಬಂದವು, ಎಷ್ಟೋ ಮಾಯವಾದವು. ಕೆಂಪು ಹಕ್ಕಿ ಹೋಯಿತು. ಕಡುನೀಲಿ ಬಾಲದ ಮೇಲಿನ ಹಳದಿ ಹೋಯಿತು. ಹಾಗೆ ಮಾಯವಾದ ಕಂಪನಿಯೊಂದರಲ್ಲಿ ನಾನೂ ಒಮ್ಮೆ ಮನೆಯವರೆಲ್ಲರಿಗೂ ಮದುವೆಗೆಂದು ಟಿಕೆಟ್ ತೆಗೆದಿದ್ದೆ. ಹೆಸರು ಬೇಡ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಮದುವೆಗೆ ರಾತ್ರಿ ಬಸ್ಸಿನಲ್ಲಿ ಹೋದೆವು.

ಪೋರೂರು ಅಂದರೆ ಇಲ್ಲಿನವರ ಪ್ರಕಾರ ಯುದ್ಧ ನಡೆದ ಊರು. ತಮಿಳಿನ ಪೋರ್ ನಮ್ಮ ಹಳಗನ್ನಡದಲ್ಲೂ ಇತ್ತು, ಪಕಾರ ಹಕಾರವಾಗಿ ಹೋರು, ಹೋರಾಟ ಎಂದು ಉಳಿದಿದೆ. ಆದರೆ ಬಂದ ಹೊಸತರಲ್ಲಿ ನನ್ನ ಕನ್ನಡ ಕಿವಿಗೆ ಕೇಳಿಸಿದ್ದು ಪೋರರ ಊರು, ಹುಡುಗರ ಊರು ಎಂದೇ. ತಂಗಿಯ ಮಗನ ಪತ್ರ ನೋಡಿದಾಗ ಎರಡೂ ಅರ್ಥ ಒಟ್ಟಿಗೆ ನೆನಪಾದವು. ಪೋರ ಕಂಪನಿ, ಪೋರ ಹುಡುಗ, ಮುಂದೆ ಹೋರಾಟ.

ಅವಳಿಗೆ ಒಂದು ವಾರ ಟೈಮ್ ಕೇಳಿದೆ. ಆ ವಾರ ಕೂತು ಓದಿದ್ದು, ಮೊದಲೇ ಗೊತ್ತಿದ್ದದ್ದು ಎಲ್ಲ ಸೇರಿ ಈ ಬರಹ.

ಬಳ್ಳಾರಿಯಲ್ಲಿ ಒಂದು ರಾತ್ರಿ

ನಮ್ಮ ದೇಶದ ಮೊದಲ ವಿಮಾನ ಕಂಪನಿಯ ಕಥೆಯಲ್ಲಿ ಕನ್ನಡನಾಡೂ ಇದೆ, ಚೆನ್ನೈಯೂ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಹಮದಾಬಾದಿನ ಮೇಲೆ ಮುಂಬಯಿಗೆ ಬಂದರು. ಅಲ್ಲಿಂದ ಮುಂದೆ ಮದರಾಸಿನವರೆಗೆ ಹಾರಿಸಿದವನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಮರುದಿನ ಮದರಾಸು.

ಆ ಕಂಪನಿಗೆ ಸರ್ಕಾರ ಸಹಾಯಧನ ಕೊಡಲಿಲ್ಲ. ಟಾಟಾ ಕೇಳಿ ಕೇಳಿ ಕೊನೆಗೆ ಸಹಾಯಧನವೇ ಬೇಡ, ಒಯ್ದ ಅಂಚೆಗೆ ತಕ್ಕ ಹಣ ಕೊಟ್ಟರೆ ಸಾಕು ಎಂದು ಒಪ್ಪಿಕೊಂಡರು. ಹಾಗಿದ್ದೂ ಮೊದಲ ವರ್ಷವೇ 60,000 ರೂಪಾಯಿ ಲಾಭ. ಇದು ಹೇಗೆ ಸಾಧ್ಯವಾಯಿತು? ಅವರು ನೆಚ್ಚಿದ್ದು ಮನುಷ್ಯರನ್ನಲ್ಲ, ಕಾಗದವನ್ನು. ಕಾಗದ ಪ್ರತಿವಾರ ಬರುತ್ತದೆ, ಪಕ್ಕದ ಕಂಪನಿಯಲ್ಲಿ ನೂರು ರೂಪಾಯಿ ಕಮ್ಮಿ ಎಂದು ಅಲ್ಲಿಗೆ ಓಡುವುದಿಲ್ಲ, ಊಟ ಕೇಳುವುದಿಲ್ಲ. ಖರ್ಚು ಚಿಕ್ಕದು, ಗಿರಾಕಿ ಒಬ್ಬನೇ, ಆ ಗಿರಾಕಿ ಸರ್ಕಾರ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನೋಟ ಬದಲಾಯಿತು. ಅಮೆರಿಕದ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ವಿಮಾನ ಅಗ್ಗ ಎಂದರೆ ವ್ಯಾಪಾರವೂ ಸುಲಭ ಎಂದು ಭಾವಿಸಿ ಹಲವರು ಇಳಿದರು. ಇದ್ದ ಪ್ರಯಾಣಿಕರಿಗೆ ಈ ಕಂಪನಿಗಳ ಸಂಖ್ಯೆಯೇ ಹೆಚ್ಚಾಯಿತು ಎಂದು 1950ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ಸಮಿತಿ ಹೇಳಿತು. 1953ರಲ್ಲಿ ಎಂಟು ಕಂಪನಿಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದರು. ಆಮೇಲೆ ನಲವತ್ತು ವರ್ಷ ಈ ದೇಶದೊಳಗೆ ವಿಮಾನ ಕಂಪನಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ನಷ್ಟವಾದರೆ ಸರ್ಕಾರ ಇತ್ತು.

ತೊಂಬತ್ತರ ದಶಕದಲ್ಲಿ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಸಹಾರಾ, ಜೆಟ್ ಬಂದವು. ನಮ್ಮ ಚೆನ್ನೈಯಿಂದಲೂ ಒಂದು ಬಂತು, ಎನ್‌ಇಪಿಸಿ. ಗಾಳಿಯಂತ್ರ ಮಾಡಿ ಹೆಸರಾಗಿದ್ದ ಕಂಪನಿ ಅದು. ಗಾಳಿಯಿಂದ ಕರೆಂಟು ತೆಗೆದವರು ಗಾಳಿಯಲ್ಲೇ ಹಾರುವುದಕ್ಕೂ ಹೊರಟರು. ಹಳೆಯ ಫಾಕರ್ ವಿಮಾನಗಳಿಂದ ಶುರುಮಾಡಿ, 1995ರಲ್ಲಿ ದಮಾನಿಯಾವನ್ನೇ ಕೊಂಡುಕೊಂಡು, 1997ರಲ್ಲಿ ನಿಂತುಹೋದರು. ಬೇಗ ಬೆಳೆಯಲು ಇನ್ನೊಂದು ಕಂಪನಿಯನ್ನು ಕೊಳ್ಳುವುದು, ಆ ಕೊಂಡದ್ದರ ಭಾರಕ್ಕೆ ಇಬ್ಬರೂ ಮುಳುಗುವುದು. ಈ ಪಾಠ ಮುಂದೆಯೂ ಬರುತ್ತದೆ.

ಕೊಯಂಬೇಡಿನ ಕೊತ್ತಂಬರಿ

ಮುಂದಕ್ಕೆ ಹೋಗುವ ಮೊದಲು ಈ ವ್ಯಾಪಾರದ ಗುಟ್ಟನ್ನು ಸ್ವಲ್ಪ ನೋಡೋಣ. ಪೋರೂರಿನಿಂದ ನಾವು ತಿಂಗಳಿಗೊಮ್ಮೆ ಕೊಯಂಬೇಡು ಮಾರ್ಕೆಟ್ಟಿಗೆ ಹೋಗುತ್ತೇವೆ. ಬೆಳಿಗ್ಗೆ ಹೋದರೆ ಕೊತ್ತಂಬರಿ ಕಟ್ಟಿಗೆ ಒಂದು ರೇಟು. ಸಂಜೆ ಹೋದರೆ ವ್ಯಾಪಾರಿಯೇ ಕೂಗಿ ಕೂಗಿ ಕರೆದು ಮೂರು ಕಟ್ಟು ಕೈಗೆ ತುರುಕುತ್ತಾನೆ. ರಾತ್ರಿಯಾದರೆ ಅದು ಕಸ. ವಿಮಾನದ ಸೀಟು ಕೊತ್ತಂಬರಿಗಿಂತ ಕಡೆ. ಕೊತ್ತಂಬರಿ ಬಾಡಲು ಒಂದು ದಿನ ಬೇಕು, ಸೀಟು ಬಾಗಿಲು ಹಾಕಿದ ಕ್ಷಣಕ್ಕೆ ಕಸವಾಗುತ್ತದೆ. ಹಾಗಾಗಿ ಯಾವ ಕಂಪನಿಯೂ ಖಾಲಿ ಸೀಟಿಟ್ಟುಕೊಂಡು ಹಾರಲು ಬಯಸುವುದಿಲ್ಲ. ಒಬ್ಬ ರೇಟು ಇಳಿಸಿದರೆ ಎಲ್ಲರೂ ಇಳಿಸಬೇಕು.

ಒಂದು ಉದಾಹರಣೆಯ ಲೆಕ್ಕ ಮಾಡೋಣ, ಅಂಕಿ ನನ್ನ ಕಲ್ಪನೆಯದು. 180 ಸೀಟಿನ ವಿಮಾನ, ಒಂದು ಹಾರಾಟದ ಒಟ್ಟು ಖರ್ಚು 5 ಲಕ್ಷ 40 ಸಾವಿರ. ಸರಾಸರಿ ಟಿಕೆಟ್ಟಿನಿಂದ 4,000 ರೂಪಾಯಿ ಬಂದರೆ 135 ಸೀಟು ತುಂಬಬೇಕು, ಅಂದರೆ ನೂರಕ್ಕೆ 75. ಅದಾದ ಮೇಲೆ ಬಂದದ್ದೆಲ್ಲ ಲಾಭ. ಈಗ ಖರ್ಚಿನಲ್ಲಿ ನೂರಕ್ಕೆ 40ರಷ್ಟಿರುವ ಇಂಧನದ ಬೆಲೆ ಕಾಲುಭಾಗ ಏರಿತು ಎನ್ನಿ. ಖರ್ಚು 5 ಲಕ್ಷ 94 ಸಾವಿರವಾಯಿತು. ಈಗ 149 ಸೀಟು ಬೇಕು. ಅದೇ ಹೊತ್ತಿಗೆ ಪಕ್ಕದವನು ರೇಟು ಇಳಿಸಿದ, ನಮ್ಮ ಸರಾಸರಿ 3,500ಕ್ಕೆ ಬಂತು. ಈಗ 170 ಸೀಟು ಬೇಕು, ನೂರಕ್ಕೆ 94! ದೀಪಾವಳಿಯ ಹಿಂದಿನ ದಿನ ಬಿಟ್ಟರೆ ಅಷ್ಟು ಎಲ್ಲಿ ತುಂಬುತ್ತದೆ? ಎರಡು ಸಣ್ಣ ಏಟುಗಳು, ಎರಡೂ ಕಂಪನಿಯ ಕೈಯಲ್ಲಿ ಇಲ್ಲದವು, ಲಾಭದ ಕಂಪನಿಯನ್ನು ನಷ್ಟದ ಕಂಪನಿ ಮಾಡಿಬಿಡುತ್ತವೆ.

ಇದರ ಮೇಲೆ ನಮ್ಮ ದೇಶದ ತೆರಿಗೆ ಬೇರೆ. ವಿಮಾನದ ಇಂಧನ ಜಿಎಸ್‌ಟಿಯೊಳಗೆ ಬಂದಿಲ್ಲ, ರಾಜ್ಯಗಳು ತಮಗೆ ಬೇಕಾದಷ್ಟು ವ್ಯಾಟ್ ಹಾಕುತ್ತವೆ. ಈ ತಮಿಳುನಾಡಿನಲ್ಲಿ ಅದು ನೂರಕ್ಕೆ 29ರವರೆಗೆ ಇತ್ತು. ನಮ್ಮ ಕರ್ನಾಟಕದ್ದೂ ಅದರ ಹತ್ತಿರವೇ ಇತ್ತು. ವಿಮಾನದ ಬಾಡಿಗೆ, ಬಿಡಿಭಾಗ ಎಲ್ಲ ಡಾಲರ್‌ನಲ್ಲಿ. ಟಿಕೆಟ್ ಮಾರುವುದು ರೂಪಾಯಿಯಲ್ಲಿ.

ಹಾಗಾದರೆ ಇಂಥ ಕಂಪನಿಗಳು ಅಷ್ಟು ವರ್ಷವಾದರೂ ಹೇಗೆ ನಡೆಯುತ್ತವೆ? ಲೆಕ್ಕದವರಿಗೆ ಗೊತ್ತಿರುವ ಉತ್ತರ ಇದು: ನಾವು ಮುಂದಿನ ತಿಂಗಳ ಟಿಕೆಟ್ಟಿಗೆ ಈ ತಿಂಗಳೇ ದುಡ್ಡು ಕೊಡುತ್ತೇವೆ. ಬೆಳೆಯುತ್ತಿರುವ ಕಂಪನಿಗೆ ಪ್ರತಿ ತಿಂಗಳೂ ಹೋದ ತಿಂಗಳಿಗಿಂತ ಹೆಚ್ಚು ಮುಂಗಡ ಬರುತ್ತದೆ. ಆ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಆದರೆ ಅದು ಕಂಪನಿಯದಲ್ಲ, ಸಾಲ. ಈ ತಿಂಗಳ ಇಂಧನಕ್ಕೆ ಮುಂದಿನ ತಿಂಗಳ ಪ್ರಯಾಣಿಕನ ಹಣ. ಬೆಳೆಯುವವರೆಗೆ ನಡೆಯುತ್ತದೆ. ಬೆಳವಣಿಗೆ ನಿಂತ ತಿಂಗಳು ಗೊತ್ತಾಗುತ್ತದೆ. ಊರ ಚೀಟಿ ವ್ಯವಹಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೊರೂರಿನವನು ಮದುರೆಯವನಾದದ್ದು

2020ರ ನವೆಂಬರ್, ಕೋವಿಡ್ ಕಾಲ. 'ಸೂರರೈ ಪೋಟ್ರು' ಸಿನಿಮಾ ಟಾಕೀಸಿಗೆ ಬರದೆ ನೇರ ಮನೆಗೆ ಬಂತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನೋಡದ ಮನೆ ಇರಲಿಲ್ಲ. ಸುಧಾ ಕೊಂಗರ ನಿರ್ದೇಶನ, ಸೂರ್ಯ ನಾಯಕ. ಮದುರೆ ಕಡೆಯ ಶೋಳವಂದಾನಿನ ಹುಡುಗ ಬಡವರಿಗಾಗಿ ವಿಮಾನ ಕಂಪನಿ ಕಟ್ಟುವ ಕಥೆ. ಎದುರುಮನೆಯವರು ಕಣ್ಣೊರೆಸಿಕೊಂಡು, "ನಮ್ಮ ಊರಿನ ಹುಡುಗ ನೋಡಿ ಸಾರ್" ಅಂದರು. ನಾನು ನಕ್ಕು, "ಅವರು ನಮ್ಮ ಹಾಸನದ ಗೊರೂರಿನವರು ಸಾರ್" ಅಂದೆ. ಅವರು ನಂಬಲಿಲ್ಲ!

ನಿಜವಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹುಟ್ಟಿದ್ದು 1951ರಲ್ಲಿ. ಹೇಮಾವತಿ ದಡದ ಆ ಊರನ್ನು ಕನ್ನಡಿಗರಿಗೆಲ್ಲ ಪರಿಚಯ ಮಾಡಿಸಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ವಿಮಾನದ ಮೂಲಕ ಪರಿಚಯ ಮಾಡಿಸಿದವರು ಇವರು. ಬಿಜಾಪುರದ ಸೈನಿಕ ಶಾಲೆ, ಸೈನ್ಯ, 1971ರ ಯುದ್ಧ. ಮೂವತ್ತು ತುಂಬುವ ಮೊದಲೇ ಸೈನ್ಯ ಬಿಟ್ಟು ಜಾವಗಲ್ ಹತ್ತಿರ ಬೇಸಾಯಕ್ಕೆ ಕೂತರು. ರೇಷ್ಮೆ, ತೆಂಗು, ಹಸು ಎಲ್ಲ ನೋಡಿದರು. 1996ರಲ್ಲಿ ಪರಿಸರಕ್ಕೆ ಹೊಂದುವ ರೇಷ್ಮೆ ಬೇಸಾಯಕ್ಕಾಗಿ ರೋಲೆಕ್ಸ್ ಪ್ರಶಸ್ತಿ ಬಂತು. ಸ್ನೇಹಿತ ಕ್ಯಾಪ್ಟನ್ ಸ್ಯಾಮುಯೆಲ್ ಜೊತೆ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಕಟ್ಟಿದರು. ಅದರಿಂದ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹುಟ್ಟಿತು.

ಆರಂಭ 48 ಸೀಟಿನ ಎಟಿಆರ್ ವಿಮಾನಗಳಿಂದ, ಬೆಂಗಳೂರನ್ನು ನೆಲೆ ಮಾಡಿಕೊಂಡು ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ. ಗುರುತಿಗೆ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. ಊಟ ಇಲ್ಲ, ನೀರಿಗೂ ದುಡ್ಡು. ಟಿಕೆಟ್ ಅಂದರೆ ಪ್ರಿಂಟ್ ತೆಗೆದ ಹಾಳೆ. ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಸಿಗುತ್ತಿತ್ತು. ವಿಮಾನದ ಮೈಮೇಲೆ ಬೇರೆ ಕಂಪನಿಗಳ ಜಾಹೀರಾತು. 500 ರೂಪಾಯಿ ಟಿಕೆಟ್, ಕೊನೆಗೆ 1 ರೂಪಾಯಿ ಟಿಕೆಟ್ ಕೂಡ. ಮೊದಲಲ್ಲೇ ಹೈದರಾಬಾದಿನಿಂದ ವಿಜಯವಾಡಕ್ಕೆ ಗಣ್ಯರನ್ನು ಕೂರಿಸಿಕೊಂಡು ಹೊರಟ ಉದ್ಘಾಟನೆಯ ವಿಮಾನದ ಇಂಜಿನ್ನಿನ ಬಳಿ ಬೆಂಕಿ ಕಾಣಿಸಿ ಎಲ್ಲರೂ ಇಳಿಯಬೇಕಾಯಿತು. ಅದೇ ಕೊನೆ ಎಂದುಕೊಂಡವರು ಬಹಳ. ಆದರೂ ಕಂಪನಿ ನಿಲ್ಲಲಿಲ್ಲ.

ನಮ್ಮಮ್ಮ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ, 2005ರಲ್ಲಿ, ಬೆಂಗಳೂರಿನಿಂದ ಚೆನ್ನೈಗೆ. ಚಕ್ಕುಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾಗಿಲ ಬಳಿ ಚಪ್ಪಲಿ ಬಿಡಬೇಕೇ ಎಂದು ಮೆಲ್ಲಗೆ ಕೇಳಿದ್ದಳು. ಇಳಿದ ಮೇಲೆ, "ಅಷ್ಟೇನಾ? ಅರಕಲಗೂಡಿಂದ ಹಾಸನಕ್ಕೆ ಬಸ್ಸಲ್ಲಿ ಹೋಗೋವಷ್ಟೂ ಹೊತ್ತಾಗಲಿಲ್ಲ" ಅಂದಳು. ನಮ್ಮಂಥ ಎಷ್ಟು ಮನೆಗಳಲ್ಲಿ ಇಂಥ ಕಥೆ ಇದೆಯೋ. ಹಾಗಾಗಿ ಆ ಕಂಪನಿಯ ಲೆಕ್ಕವನ್ನು ನಿಷ್ಠುರವಾಗಿ ನೋಡುವುದು ನನಗೂ ಸುಲಭವಲ್ಲ.

ಆದರೆ ನೋಡಲೇಬೇಕು. ಸಿನಿಮಾ ವಿಮಾನ ಹಾರುವಲ್ಲಿಗೆ ಮುಗಿಯುತ್ತದೆ. ಲೆಕ್ಕದ ಪುಸ್ತಕ ಅಲ್ಲಿಂದ ಶುರುವಾಗುತ್ತದೆ.

ನಾಲ್ಕೇ ವರ್ಷದಲ್ಲಿ ಏರ್ ಡೆಕ್ಕನ್ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರು ಮುಟ್ಟಿತು. ದೇಶದೊಳಗೆ ಹಾರುವವರಲ್ಲಿ ಸುಮಾರು ಐದನೇ ಒಂದು ಪಾಲು ಅದರ ಪ್ರಯಾಣಿಕರು. ಮೊದಲಿಗೆ ಯಾರೂ ಹೋಗದ ಊರುಗಳಿಗೆ ಹೋಗುವುದು ಅದರ ಬಲವಾಗಿತ್ತು. ಬರುಬರುತ್ತಾ ದೊಡ್ಡ ಏರ್‌ಬಸ್ ವಿಮಾನಗಳನ್ನು ತಂದು ದೆಹಲಿ, ಮುಂಬಯಿ ದಾರಿಗೂ ಇಳಿಯಿತು. ಅಲ್ಲಿ ಎಲ್ಲರೂ ಇದ್ದರು. ಎರಡು ಜಾತಿಯ ವಿಮಾನ ಎಂದರೆ ಎರಡು ಜಾತಿಯ ಪೈಲಟ್, ಎರಡು ಗೋದಾಮು ಬಿಡಿಭಾಗ, ಎರಡು ತರಬೇತಿ.

ಅದೇ ಹೊತ್ತಿಗೆ ಏನಾಯಿತು ನೋಡಿ. 2005ರ ಮೇ ತಿಂಗಳಲ್ಲಿ ಕಿಂಗ್‌ಫಿಷರ್ ಮತ್ತು ಸ್ಪೈಸ್‌ಜೆಟ್, ಅಕ್ಟೋಬರ್‌ನಲ್ಲಿ ಪ್ಯಾರಾಮೌಂಟ್, ನವೆಂಬರ್‌ನಲ್ಲಿ ಗೋಏರ್, 2006ರ ಆಗಸ್ಟ್‌ನಲ್ಲಿ ಇಂಡಿಗೋ. ಹದಿನೈದು ತಿಂಗಳಲ್ಲಿ ಐದು ಹೊಸ ಕಂಪನಿ! ಪೈಲಟ್‌ಗಳು ಸಿಗದೆ ಸಂಬಳ ಮೇಲೇರಿತು. ಟಿಕೆಟ್ ರೇಟು ಕೆಳಗಿಳಿಯಿತು. ಕಚ್ಚಾತೈಲ ಏರುತ್ತಲೇ ಇತ್ತು. ಮೇಲೆ ಹೇಳಿದ 135 ಸೀಟಿನ ಲೆಕ್ಕ 170ಕ್ಕೆ ಹೋದ ಕಾಲ ಅದು.

2006ರ ಬೇಸಿಗೆಯಲ್ಲಿ ಡೆಕ್ಕನ್ ಷೇರು ಮಾರಲು ಹೊರಟಿತು. ಅದೇ ವಾರಗಳಲ್ಲಿ ಷೇರುಪೇಟೆ ಬಿತ್ತು. ಕೊಳ್ಳುವವರು ಸಾಲದೆ ದಿನ ವಿಸ್ತರಿಸಬೇಕಾಯಿತು. ಷೇರಿಗೆ 148 ರೂಪಾಯಿ ನಿಂತಿತು, ಪೇಟೆಗೆ ಬಂದ ದಿನವೇ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ಆ ಜೂನ್‌ಗೆ ಮುಗಿದ 15 ತಿಂಗಳ ನಷ್ಟ ಸುಮಾರು 340 ಕೋಟಿ. ಇಲ್ಲಿ ಒಂದು ಮಾತು ಗಮನಿಸಿ. ವಿಮಾನಗಳು ಖಾಲಿ ಹಾರುತ್ತಿದ್ದವು ಎಂದಲ್ಲ. ತುಂಬಿಯೇ ಹಾರುತ್ತಿದ್ದವು. ಪ್ರತಿ ಹಾರಾಟದಲ್ಲೂ ಸ್ವಲ್ಪ ಸ್ವಲ್ಪ ಕಳೆದುಕೊಂಡು, ಹಾರಾಟಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಕಳೆದುಕೊಳ್ಳುವುದೂ ಹೆಚ್ಚುತ್ತದೆ. ಅಂಗಡಿ ಮುಂದೆ ಜನ ಕಿಕ್ಕಿರಿದಿದ್ದಾರೆ ಎಂದು ಅಂಗಡಿ ಲಾಭದಲ್ಲಿದೆ ಎಂದಲ್ಲ.

2007ರ ಮೇ ಕೊನೆಗೆ ವಿಜಯ್ ಮಲ್ಯರ ಯುಬಿ ಗುಂಪು ಷೇರಿಗೆ 155 ರೂಪಾಯಿಯಂತೆ 550 ಕೋಟಿ ಕೊಟ್ಟು 26 ಪಾಲನ್ನು ಕೊಂಡಿತು, ಆಮೇಲೆ ಇನ್ನೂ 20. ಕಾಮನ್ ಮ್ಯಾನ್ ಹೋಗಿ ಕೆಂಪು ಹಕ್ಕಿ ಬಂತು. ಹೆಸರು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, 2008ರಲ್ಲಿ ಕಿಂಗ್‌ಫಿಷರ್ ರೆಡ್ ಆಯಿತು.

ಮಲ್ಯರಿಗೆ ಅದು ಯಾಕೆ ಬೇಕಾಗಿತ್ತು? ದೇಶದೊಳಗೆ ಐದು ವರ್ಷ ಹಾರಿಸಿದ ಕಂಪನಿಗೆ ಮಾತ್ರ ಆಗ ವಿದೇಶಕ್ಕೆ ಹಾರಲು ಅನುಮತಿ. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬಿತು. ಸೆಪ್ಟೆಂಬರ್ 3ರಂದು ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಇದಕ್ಕೆಂದು ಕಿಂಗ್‌ಫಿಷರನ್ನು ಡೆಕ್ಕನ್ ಒಳಗೆ ವಿಲೀನ ಮಾಡಿ ಡೆಕ್ಕನ್ ಹೆಸರನ್ನೇ ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದು ಬದಲಿಸಿದರು. ಹೀಗಾಗಿ ಕಾಗದದ ಮೇಲೆ ನೋಡಿದರೆ, 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದು, ಬ್ಯಾಂಕುಗಳಿಗೆ ಸುಮಾರು 7,000 ಕೋಟಿ ಬಾಕಿ ಉಳಿಸಿ, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಡದೆ ನಿಂತ ಕಂಪನಿ ಗೊರೂರಿನ ಕ್ಯಾಪ್ಟನ್ ಹುಟ್ಟುಹಾಕಿದ ಅದೇ ಕಂಪನಿ. ಆ ಹೊತ್ತಿಗೆ ಅವರು ಅದರ ಚುಕ್ಕಾಣಿಯಲ್ಲಿ ಇರಲಿಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ 1981ರಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿ ಬಂತು. ನೆವಾರ್ಕ್ ನೆಲೆ, ಬಸ್ ಚಾರ್ಜಿನ ಟಿಕೆಟ್, ಊಟಕ್ಕೆ ಬೇರೆ ದುಡ್ಡು, ಜನವೋ ಜನ. 1985ರಲ್ಲಿ ಫ್ರಂಟಿಯರ್ ಎಂಬ ನಷ್ಟದ ಕಂಪನಿಯನ್ನು ಕೊಂಡಿತು. ಎರಡು ವರ್ಷ ತುಂಬುವ ಮೊದಲೇ ಅದೇ ಇನ್ನೊಬ್ಬರ ಹೊಟ್ಟೆ ಸೇರಿತು. ನಮ್ಮ ಎನ್‌ಇಪಿಸಿ, ಕಿಂಗ್‌ಫಿಷರ್‌ಗಳ ಕಥೆಯೂ ಅದೇ ಅಚ್ಚಿನದು.

ಉಳಿದವರು ಹೇಗೆ ಉಳಿದರು

ಅದೇ ಕಾಲದಲ್ಲಿ ಹುಟ್ಟಿದ ಇಂಡಿಗೋ ಯಾಕೆ ಉಳಿಯಿತು? ಇದನ್ನು ಅದೃಷ್ಟ ಎಂದು ತಳ್ಳಿಹಾಕಬಾರದು. ಒಂದೂ ವಿಮಾನ ಹಾರಿಸುವ ಮೊದಲೇ, 2005ರ ಪ್ಯಾರಿಸ್ ಮೇಳದಲ್ಲಿ ಅದು 100 ಏರ್‌ಬಸ್‌ಗೆ ಆರ್ಡರ್ ಕೊಟ್ಟಿತು. ಸಗಟು ಆರ್ಡರಿಗೆ ಸಗಟು ರಿಯಾಯಿತಿ. ವಿಮಾನ ಕೈಗೆ ಬಂದ ದಿನವೇ ಅದನ್ನು ಬಾಡಿಗೆ ಕಂಪನಿಗೆ ಹೆಚ್ಚಿನ ಬೆಲೆಗೆ ಮಾರಿ, ಅದನ್ನೇ ತಿಂಗಳ ಬಾಡಿಗೆಗೆ ಪಡೆಯುವುದು. ಹೀಗೆ ಪ್ರತಿ ವಿಮಾನಕ್ಕೂ ಒಂದಿಷ್ಟು ನಗದು ಕೈಗೆ. ವರ್ಷಗಟ್ಟಲೆ ಒಂದೇ ಜಾತಿಯ ವಿಮಾನ. ಇನ್ನೊಂದು ಕಂಪನಿಯನ್ನು ಕೊಂಡು ಬೆಳೆಯುವ ಚಟಕ್ಕೆ ಬೀಳಲಿಲ್ಲ. 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿ ಎಲ್ಲರೂ ತತ್ತರಿಸಿದಾಗ, ಆ ಹಣಕಾಸು ವರ್ಷದಲ್ಲೇ ಇಂಡಿಗೋ ಮೊದಲ ಲಾಭ ತೋರಿಸಿತು. ಇವತ್ತು ದೇಶದೊಳಗೆ ಹಾರುವ ಹತ್ತು ಜನರಲ್ಲಿ ಆರು ಜನ ಅದರವರು.

ಚಿಕ್ಕದಾಗಿ ಇದ್ದುಬಿಟ್ಟರೆ ಬಚಾವೇ? ಅದೂ ಇಲ್ಲ. ಚೆನ್ನೈಯನ್ನು ಕೇಂದ್ರ ಮಾಡಿಕೊಂಡ ಪ್ಯಾರಾಮೌಂಟ್ ಜಾಣ ದಾರಿ ಹಿಡಿದಿತ್ತು. 80 ಸೀಟಿಗಿಂತ ಕಡಿಮೆಯ ವಿಮಾನಕ್ಕೆ ಇಳಿಯುವ ಶುಲ್ಕ ಇಲ್ಲ, ಹಗುರ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆಯೂ ಕಡಿಮೆ. ಅದನ್ನೇ ಲೆಕ್ಕ ಹಾಕಿ ಎಂಬ್ರೇಯರ್ ಜೆಟ್ ತಂದು ಎಲ್ಲ ಸೀಟನ್ನೂ ಬಿಸಿನೆಸ್ ದರ್ಜೆಯಾಗಿ ಮಾರಿತು. 2010ರಲ್ಲಿ ವಿಮಾನ ಬಾಡಿಗೆಯ ಜಗಳದಲ್ಲಿ ನಿಂತುಹೋಯಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಬಂತು, 2017ರಲ್ಲಿ ಹೋಯಿತು. ಬೆಂಗಳೂರಿನ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಹಾರಿ ಮರುವರ್ಷ ಜುಲೈಗೆ ನಿಂತಿತು. ಬಳ್ಳಾರಿಯ ವಿದ್ಯಾನಗರಕ್ಕೂ ಬೀದರಿಗೂ ಹೋಗುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತಿತು. ಗೋಪಿನಾಥ್ ಹೆಸರಿನ ಏರ್ ಡೆಕ್ಕನ್ ಕೂಡ 2017ರ ಕೊನೆಯಲ್ಲಿ ಸಣ್ಣ ವಿಮಾನಗಳೊಂದಿಗೆ ಮರುಹುಟ್ಟು ಪಡೆದು 2020ರ ಏಪ್ರಿಲ್‌ನಲ್ಲಿ ಕೋವಿಡ್ಡಿಗೆ ತುತ್ತಾಯಿತು. ಚಿಕ್ಕ ಕಂಪನಿಗೆ ನಾಲ್ಕು ವಿಮಾನ ಎಂದರೆ ಒಂದು ಕೆಟ್ಟು ನಿಂತರೆ ಕಾಲುಭಾಗ ಆದಾಯ ನಿಂತಂತೆ. ಇವರೆಲ್ಲರ ಮಧ್ಯೆ 2019ರ ಜನವರಿಯಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿ ಶುರುಮಾಡಿದ ಸ್ಟಾರ್ ಏರ್ ಮೆಲ್ಲಮೆಲ್ಲನೆ ಬೆಳೆದು ಇವತ್ತಿಗೂ ಇದೆ. ಅದರ ಹಿಂದೆ ಬೇರೆ ವ್ಯಾಪಾರಗಳ ಗುಂಪೊಂದಿದೆ.

ವಯಸ್ಸಾದರೆ ಗಟ್ಟಿಯೇ? 1993ರಿಂದ ಹಾರಿದ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದರ ಆಸ್ತಿ ಮಾರಿ ಮುಚ್ಚಲು ಹೇಳಿತು. ಹದಿನೇಳು ವರ್ಷ ಹಾರಿದ ಗೋ ಫಸ್ಟ್ ಇಂಜಿನ್ ಸಿಗದೆ ಅರ್ಧ ವಿಮಾನ ನಿಲ್ಲಿಸಿ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗಿನ ಪೋರನನ್ನೂ ನೋಡೋಣ. 2022ರ ಆಗಸ್ಟ್‌ನಲ್ಲಿ ಹಾರಿದ ಆಕಾಸ ಏರ್ ಮೂರು ಸಲದಲ್ಲಿ ಒಟ್ಟು 226 ಬೋಯಿಂಗ್ ವಿಮಾನಗಳಿಗೆ ಆರ್ಡರ್ ಕೊಟ್ಟಿದೆ. ಒಂದೇ ಜಾತಿಯ ವಿಮಾನ, ಹಣವಂತರ ಬೆಂಬಲ. ಇವು ಒಳ್ಳೆಯ ಲಕ್ಷಣ. 2023-24ರಲ್ಲಿ ಸುಮಾರು 1,670 ಕೋಟಿ ನಷ್ಟ, ಬೋಯಿಂಗ್ ಹೇಳಿದ ಹೊತ್ತಿಗೆ ವಿಮಾನ ಕೊಡದೆ ನೇಮಿಸಿಕೊಂಡ ಪೈಲಟ್‌ಗಳು ಕೂತಿರಬೇಕಾಗಿ ಬಂದದ್ದು. ಇವು ಚಿಂತೆಯ ಲಕ್ಷಣ. ಹೊಸ ಕಂಪನಿಗೆ ಮೊದಲ ವರ್ಷಗಳಲ್ಲಿ ನಷ್ಟವಾಗುವುದು ರೋಗವಲ್ಲ. ಹಣ ಹಾಕಿದವರ ತಾಳ್ಮೆ ಮೊದಲು ಮುಗಿಯುತ್ತದೋ, ನಷ್ಟ ಮೊದಲು ಮುಗಿಯುತ್ತದೋ ಎಂಬುದೇ ಪ್ರಶ್ನೆ.

ತಂಗಿಗೆ ಕೊಟ್ಟ ಉತ್ತರ

ಮುಂದಿನ ಭಾನುವಾರ ನಾನೇ ಫೋನ್ ಮಾಡಿದೆ. ಕಂಪನಿ ಉಳಿಯುತ್ತದೆಯೇ ಎಂಬುದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ, ಕಂಪನಿಯವರ ಹತ್ತಿರವೂ ಇಲ್ಲ ಎಂದೆ. ತೈಲದ ಬೆಲೆ, ಡಾಲರ್, ಪಕ್ಕದವನ ರೇಟು, ಕಾರ್ಖಾನೆಯವನು ವಿಮಾನ ಕೊಡುವ ದಿನ, ಈ ನಾಲ್ಕರಲ್ಲಿ ಒಂದೂ ಅವರ ಕೈಯಲ್ಲಿಲ್ಲ.

"ಹಂಗಾದ್ರೆ ಬೇಡ ಅಂತೀಯಾ?" ಅಂದಳು.

ಬೇಡ ಎನ್ನಲಿಲ್ಲ. ಕಂಪನಿಗಳು ಮುಳುಗಿದ ಈ ಇಪ್ಪತ್ತು ವರ್ಷಗಳಲ್ಲೇ ವಿಮಾನ ಹತ್ತುವವರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತು. ಏರ್ ಡೆಕ್ಕನ್ ಮುಳುಗಿತು, ಅದು ಕಲಿಸಿದ ಅಭ್ಯಾಸ ಮುಳುಗಲಿಲ್ಲ. ಒಬ್ಬರ ಹೆಸರು ಅಳಿಸಿ ಇನ್ನೊಬ್ಬರ ಹೆಸರು ಬರೆದ ವಿಮಾನವನ್ನೂ ಯಾರಾದರೂ ರಿಪೇರಿ ಮಾಡಲೇಬೇಕು. ಹುಡುಗನ ಲೈಸೆನ್ಸ್ ಅವನದು, ಕಂಪನಿಯದಲ್ಲ. ಮುಚ್ಚಿದ ಕಂಪನಿಯ ಷೇರು ಕಾಗದವಾಗುತ್ತದೆ, ಅಲ್ಲಿ ಕಲಿತ ಕೆಲಸ ಹಾಗಾಗುವುದಿಲ್ಲ. ಆದರೆ ಕಂಪನಿ ಮುಳುಗುವಾಗ ಮೊದಲು ನೀರು ಬರುವುದು ಕೆಳಗಿನ ಮೆಟ್ಟಿಲಿಗೆ. ಬ್ಯಾಂಕಿಗೆ ಒತ್ತೆ ಇರುತ್ತದೆ, ವಿಮಾನ ಕೊಟ್ಟವನು ವಿಮಾನ ಒಯ್ಯುತ್ತಾನೆ. ಸಂಬಳದವನ ಹತ್ತಿರ ಒಯ್ಯಲು ಏನೂ ಇರುವುದಿಲ್ಲ.

ಹಾಗಾಗಿ ಹುಡುಗನಿಗೆ ನೇರ ಮಾತಾಡಿದೆ. "ಮಾವ, ಏನು ನೋಡ್ಕೋಬೇಕು ಹೇಳಿ" ಎಂದು ಬರೆದುಕೊಳ್ಳಲು ಕೂತ. ಈ ಸಂಬಳ ನಂಬಿ ಮನೆ ಸಾಲ ತೆಗೆಯಬೇಡ. ಆರು ತಿಂಗಳ ಖರ್ಚು ಪಕ್ಕಕ್ಕಿಡುವವರೆಗೆ ಬೈಕೂ ಬೇಡ. ಬಾಂಡ್ ಬರೆಸಿಕೊಂಡರೆ ಪ್ರತಿ ಸಾಲು ಓದಿ, ಕಂಪನಿ ಸಂಬಳ ಕೊಡದಿದ್ದರೆ ಬಾಂಡ್ ಏನಾಗುತ್ತದೆ ಎಂದು ಕೇಳು. ತಿಂಗಳಿಗೊಮ್ಮೆ ಪಿಎಫ್ ಪಾಸ್‌ಬುಕ್ ತೆರೆದು ನೋಡು. ಸಂಬಳದಲ್ಲಿ ಹಿಡಿದದ್ದು ಅಲ್ಲಿ ಬೀಳದಿದ್ದರೆ, ಯಾವ ಪೇಪರಿಗಿಂತ ಮೊದಲು ನಿನಗೆ ಸುದ್ದಿ ಗೊತ್ತಾದಂತೆ. ನಿಂತ ವಿಮಾನದಿಂದ ಬಿಡಿಭಾಗ ಬಿಚ್ಚಿ ಹಾರುವ ವಿಮಾನಕ್ಕೆ ಹಾಕು ಎಂದು ಪದೇ ಪದೇ ಹೇಳತೊಡಗಿದರೆ ಬೇರೆ ಕಡೆ ಅರ್ಜಿ ಹಾಕಲು ಶುರುಮಾಡು. ಇನ್ನೊಂದು ಕಂಪನಿಯನ್ನು ಕೊಳ್ಳುತ್ತಾರಂತೆ ಎಂದು ಎಲ್ಲರೂ ಲಡ್ಡು ಹಂಚುವ ದಿನವೂ ಅರ್ಜಿ ಹಾಕು.

ಅವನು ಸೇರಿದ. ಈಗ ನಮ್ಮ ಮನೆಯಲ್ಲೇ ಇದ್ದಾನೆ, ಹಿಂದಿನ ಕೋಣೆಯಲ್ಲಿ. ರಾತ್ರಿ ಪಾಳಿ ಇದ್ದಾಗ ಪೋರೂರು ಜಂಕ್ಷನ್ನಿನಲ್ಲಿ ಕ್ಯಾಬ್ ಹತ್ತುತ್ತಾನೆ, ಬೆಳಿಗ್ಗೆ ಬಂದು ಕೈಗೆ ಹತ್ತಿದ ಗ್ರೀಸು ತೊಳೆದು ಇಡ್ಲಿ ತಿಂದು ಮಲಗುತ್ತಾನೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಅವನ ಕಂಪನಿಯ ವಿಮಾನ ಹೋದರೆ ನನ್ನ ಹೆಂಡತಿ, "ನೋಡಿ, ನಮ್ಮ ಹುಡುಗ ಮಾಡಿದ್ದಿರಬೇಕು" ಅನ್ನುತ್ತಾಳೆ.

ಪ್ರತಿ ತಿಂಗಳು ಒಂದನೇ ತಾರೀಖು ಸಂಜೆ ಹಾಸನದಿಂದ ಫೋನ್ ಬರುತ್ತದೆ. ಊಟ ಆಯ್ತಾ ಎಂದು ಕೇಳುವ ಮೊದಲೇ ತಂಗಿ ಕೇಳುತ್ತಾಳೆ, "ಸಂಬಳ ಬಂತಂತಾ?"

ಇಲ್ಲಿಯವರೆಗೆ ಬಂದಿದೆ.